ವೆಂಕಟೇಶಪ್ಪನವರ ಎಡಗಡೆಯ ಹಲ್ಲು

ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ಪೂರಾ ಒಂದು ವರ್ಷ ಆ ಮಾತನ್ನು ಉಳಿಸಿಕೊಂಡೆ. ನನ್ನ ಬಾಯಿಯ ಗುಣ ಬಲ್ಲವರಿಗೆ ಅದು ಎಂಥ ಕಷ್ಟದ ಕೆಲಸ ಎಂದು ಗೊತ್ತು. ಮೊದಲು ಮಾತು ಮುರಿದದ್ದು ನಾನಲ್ಲ, ನಮ್ಮ ಮನೆ ಮಾಲೀಕರು ವೆಂಕಟೇಶಪ್ಪನವರು. ಬಿಲ್ಡಿಂಗಿಗೆಲ್ಲ ಹೇಳಿಯಾದ ಮೇಲೆ ನಿಮಗೆ ಮಾತ್ರ ಹೇಳದಿದ್ದರೆ ಪಂಕ್ತಿಭೇದವಾಗುತ್ತದೆ.

ನನ್ನ ಹೆಸರು ಮಹಾನಂದಾ. ಊರು ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರ. ಗಂಡ ಈರೇಶ್ ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಪಾಲಿಶ್ ಮಾಡುತ್ತಾನೆ. ನಾವಿರುವುದು ಹೆಬ್ಬಗೋಡಿಯಲ್ಲಿ, ವೆಂಕಟೇಶಪ್ಪನವರ ಬಿಲ್ಡಿಂಗಿನ ಮೂರನೇ ಮಹಡಿಯ ಒಂದು ರೂಮಿನಲ್ಲಿ. ಅದೇ ಬಿಲ್ಡಿಂಗಿನ ಕೆಳಗೆ, ರಸ್ತೆಯ ಮಗ್ಗುಲಿಗೆ, ಡಾಕ್ಟರ್ ಬಿಂದುಶ್ರೀ ಅವರ ಹಲ್ಲಿನ ಕ್ಲಿನಿಕ್ ಇದೆ. ನಾನು ಅಲ್ಲಿ ಕೆಲಸಕ್ಕಿದ್ದೇನೆ. ಇಕ್ಕಳ, ಕನ್ನಡಿ ತೊಳೆದಿಡುವುದು, ಬಾಯಿಯ ನೀರು ಎಳೆಯುವ ಪೈಪು ಹಿಡಿಯುವುದು, ಪೇಷಂಟು ಕುರ್ಚಿಯಿಂದ ಎದ್ದು ಓಡದಂತೆ ಕೈ ಹಿಡಿದುಕೊಂಡು ನಿಲ್ಲುವುದು. ಮೂರರಲ್ಲಿ ಕೊನೆಯದೇ ದೊಡ್ಡ ಕೆಲಸ.

ಹಲ್ಲಿನ ಡಾಕ್ಟರಿಗೆ ಹೆದರುವವರನ್ನು ನಾನು ಈ ಐದು ವರ್ಷದಲ್ಲಿ ರಾಶಿ ರಾಶಿ ನೋಡಿದ್ದೇನೆ. ಹೆಂಗಸರು ಹೆದರಿಕೆಯಾಗುತ್ತದೆ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಹೆದರುತ್ತಾರೆ. ಗಂಡಸರು ಹಾಗಲ್ಲ. ಅವರಿಗೆ ಟ್ರಾಫಿಕ್ಕು, ಮೀಟಿಂಗು, ಅಮಾವಾಸ್ಯೆ. ಎಲೆಕ್ಟ್ರಾನಿಕ್ ಸಿಟಿಯ ಮ್ಯಾನೇಜರೊಬ್ಬರು ಕುರ್ಚಿಯಲ್ಲಿ ಮಲಗಿದವರು ‘ಒಂದ್ ನಿಮಿಷ, ಕಾಲ್ ಬಂತು’ ಎಂದು ಎದ್ದು ಹೊರಗೆ ಹೋದರು. ಎರಡು ವರ್ಷವಾಯಿತು, ಆ ಕಾಲ್ ಇನ್ನೂ ಮುಗಿದಿಲ್ಲ. ಆದರೆ ಹಲ್ಲು ಕೀಳಿಸಿಕೊಳ್ಳುವ ಹೆದರಿಕೆಗೆ ಡಾಕ್ಟರನ್ನೇ ಬುಡಸಮೇತ ಕಿತ್ತುಹಾಕಲು ಹೊರಟ ಗಂಡಸು ಒಬ್ಬರೇ.

ವೆಂಕಟೇಶಪ್ಪನವರಿಗೆ ಅರವತ್ತೆರಡು. ಹುರಿ ಮಾಡಿದ ಮೀಸೆ, ಬಿಳಿ ಪಂಚೆ, ಬಿಳಿ ಷರಟು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಮೂವತ್ತೆರಡು ರೂಮು ಬೆಳೆದಿದ್ದಾರೆ. ಬೆಳಿಗ್ಗೆ ಆರಕ್ಕೆ ತಾರಸಿಯ ಮೇಲೆ ನಿಂತು ನೀರಿನ ಮೋಟರ್ ಹಾಕುವವರು ಅವರೇ, ಆರೂವರೆಗೆ ಆರಿಸುವವರೂ ಅವರೇ. ಕೆಳಗೆ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಬಾಡಿಗೆಯವರು ಯಾರೂ ಕೂರಬಾರದು. ಕೃಷ್ಣಾ ನದಿಯ ಆಚೆಗಿನವರಾಗಲಿ ಈಚೆಗಿನವರಾಗಲಿ, ನಾವೆಲ್ಲ ಅವರಿಗೆ ಬಿಜಾಪುರದೋರು.

“ಏನವ್ವ ಬಿಜಾಪುರದೋಳೆ, ನೀರ್ನ ಅಂಗೆ ಚೆಲ್ತಿದ್ದೀಯಲ್ಲ, ನಿಮ್ಮೂರ್ನಾಗೆ ಒಳೆ ಅರೀತೈತಾ?”

“ನಮ್ಮೂರು ಶಹಾಪುರ ರೀ, ಯಜಮಾನ್ರ” ಎಂದು ಹತ್ತು ಸಲ ಹೇಳಿ ಬಿಟ್ಟುಬಿಟ್ಟೆ. ಅವರು ಕೂಗಿದರೆ ಕೊಡ ಅಲ್ಲೇ ಬಿಟ್ಟು ಒಳಗೆ ಓಡುತ್ತಿದ್ದೆ, ಅದು ಸುಳ್ಳಲ್ಲ. ನೀರಿನ ಸಂಪಿನೊಳಗೆ ಬಿದ್ದ ಆರಡಿ ಕೇರೆಹಾವನ್ನು ಬಾಲ ಹಿಡಿದು ಎಳೆದು ರಸ್ತೆಗೆ ಎಸೆದವರು. ಹೆದರಿಕೆ ಎಂಬುದು ಅವರ ಮನೆತನದಲ್ಲೇ ಇಲ್ಲ ಎಂದು ಊರು ಹೇಳುತ್ತಿತ್ತು.

ಕ್ಲಿನಿಕ್ಕಿಗೆ ಅಂಗಡಿ ಕೊಟ್ಟವನು ಅವರ ಮಗ ಮನು. ಅಪ್ಪ ಮಾದೇಶ್ವರನ ಬೆಟ್ಟಕ್ಕೆ ಹೋಗಿದ್ದ ವಾರದಲ್ಲಿ ಅಗ್ರಿಮೆಂಟ್ ಮುಗಿಸಿಬಿಟ್ಟಿದ್ದ. ಯಜಮಾನರು ತಲೆ ಬೋಳಿಸಿಕೊಂಡು ಪ್ರಸಾದ ಹಿಡಿದು ಬಂದರೆ, ಬಾಗಿಲ ಮೇಲೆ ಆಳೆತ್ತರದ ಬೋರ್ಡು. ಅದರಲ್ಲಿ ಒಂದು ಹಲ್ಲು, ಆ ಹಲ್ಲಿಗೆ ಕಣ್ಣು, ಕೈ, ನಗುವ ಬಾಯಿ. ಅವರು ಅದನ್ನು ನೋಡಿ ಪ್ರಸಾದದ ಸಮೇತ ಎರಡು ಹೆಜ್ಜೆ ಹಿಂದೆ ಸರಿದರಂತೆ. ಅಂದಿನಿಂದ ತಮ್ಮದೇ ಬಿಲ್ಡಿಂಗಿನ ಮುಂಬಾಗಿಲನ್ನು ಬಿಟ್ಟು, ಹಿಂದಿನ ಗೇಟಿನಿಂದ ಇಳಿದು, ಗಲ್ಲಿ ಸುತ್ತಿ, ಎದುರಿನ ಲೋಕೇಶನ ಟೀ ಅಂಗಡಿಗೆ ಬರತೊಡಗಿದರು. ಕೇಳಿದವರಿಗೆ ‘ವಾಕಿಂಗು’ ಎನ್ನುತ್ತಿದ್ದರು.

ಆಗಲೇ ಅವರ ಎಡಗಡೆಯ ಕೆಳದವಡೆಯ ಹಲ್ಲು ತೂತಾಗಿತ್ತು. ಅದು ನಮಗೆ ಗೊತ್ತಾಗಲು ಮೂರು ವರ್ಷ ಬೇಕಾಯಿತು. ಕಾರಣ ಮುದ್ದೆ.

ನಾನು ಜೋಳದ ರೊಟ್ಟಿ ತಿಂದು ಬೆಳೆದವಳು. ರೊಟ್ಟಿ ತಿನ್ನುವ ನಾಡಿನಲ್ಲಿ ಹಲ್ಲುನೋವು ಮುಚ್ಚಿಡುವುದು ಸಾಧ್ಯವೇ ಇಲ್ಲ. ಒಂದು ಊಟಕ್ಕೆ ಸಿಕ್ಕಿಬೀಳುತ್ತಾರೆ. ಈ ಕಡೆಯವರು ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ನುಂಗುತ್ತಾರೆ. ಅಗಿದರೆ ನಗುತ್ತಾರೆ. ಮೂವತ್ತೆರಡು ಹಲ್ಲಿಗೂ ರಜೆ ಕೊಟ್ಟು ಒಬ್ಬ ಮನುಷ್ಯ ಜೀವಮಾನವಿಡೀ ಹೊಟ್ಟೆ ತುಂಬಿಸಿಕೊಳ್ಳಬಹುದು. ವೆಂಕಟೇಶಪ್ಪನವರು ಚಪಾತಿ ಬಿಟ್ಟರು, ದೋಸೆ ಬಿಟ್ಟರು, ಕಡಲೆಕಾಯಿ ಬಿಟ್ಟರು, ಮೂರು ಹೊತ್ತೂ ಮುದ್ದೆಗೆ ಇಳಿದರು. ಅವರ ಹೆಂಡತಿ ಪಿಳ್ಳಮ್ಮನವರಿಗೆ ಹೆಮ್ಮೆಯೋ ಹೆಮ್ಮೆ.

“ನಮ್ಮೆಜಮಾನ್ರು ಅಳೇ ಕಾಲ್ದೋರು ಕಣವ್ವ. ಈ ಚಪಾತಿ ಗಿಪಾತಿ ಮುಟ್ಟಲ್ಲ.”

ಓಣಿಯ ಹುಡುಗರಿಗೆಲ್ಲ ಅವರ ಉದಾಹರಣೆ ಕೊಡುತ್ತಿದ್ದರು. ನೋಡ್ರೋ, ಮುದ್ದೆ ತಿಂದ ಮೈ!

ಎಳ್ಳಮಾವಾಸ್ಯೆಗೆ ನಾನು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಒಯ್ದು ಕೊಟ್ಟೆ. ಹಿಂದೆಲ್ಲ ನಿಂತ ನಿಲುವಿನಲ್ಲೇ ಕಟಕಟ ತಿಂದು ಮುಗಿಸುತ್ತಿದ್ದವರು ಆ ಸಲ “ಆಮ್ಯಾಕೆ ತಿಂತೀನಿ ಮಡಗವ್ವ” ಎಂದರು. ಮರುದಿನ ಬಟ್ಟೆ ಒಣಗಿಸಲು ತಾರಸಿಗೆ ಹೋದರೆ, ಅವರು ನನ್ನ ರೊಟ್ಟಿಯನ್ನು ಮುರಿಮುರಿದು ಕಾಗೆಗೆ ಹಾಕುತ್ತಿದ್ದರು. ಎಡಗೈ ಎಡಗೆನ್ನೆಯ ಮೇಲಿತ್ತು. ನನಗೆ ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಕೆಲಸದವಳ ಕಣ್ಣು ನೋಡಿ! ಕಾಫಿ ಕುಡಿಯುವಾಗ ಕತ್ತು ಬಲಕ್ಕೆ ವಾಲುತ್ತದೆ. ಕೂಗುವಾಗಲೂ ಬಾಯಿ ಅರ್ಧವೇ ತೆರೆಯುತ್ತದೆ. ಜೇಬಿನಲ್ಲಿ ಸದಾ ಲವಂಗ. ಸರ್ಜಾಪುರದ ಕಡೆ ಯಾರೋ ಹಲ್ಲಿನ ಹುಳ ತೆಗೆಯುತ್ತಾರೆಂದು ಹೋಗಿ, ಗುಳ್ಳದ ಬೀಜದ ಹೊಗೆ ಹಿಡಿಸಿಕೊಂಡು ಬಂದದ್ದೂ ಆಮೇಲೆ ತಿಳಿಯಿತು. ಒಂಬತ್ತು ಹುಳ ಬಿದ್ದವಂತೆ. ಬೀಜವನ್ನು ಸುಟ್ಟರೆ ಅದರ ಮೊಳಕೆ ಸಿಡಿದು ಹುಳದ ಹಾಗೆ ಬೀಳುತ್ತದೆ, ಹುಳವೂ ಇಲ್ಲ ಗಿಳವೂ ಇಲ್ಲ ಎಂದು ಡಾಕ್ಟರಮ್ಮ ನಕ್ಕರು. ಮತ್ತೆ ನಗು ನಿಲ್ಲಿಸಿ, “ಪಾಪ, ತುಂಬಾ ನೋವಿರತ್ತೆ ಮಹಾನಂದಾ. ಒಂದ್ಸಲ ಬರೋಕೆ ಹೇಳಿ. ಬರೀ ಚೆಕಪ್” ಎಂದರು.

ಹೇಳುವುದು ಹೇಗೆ? ಒಂದು ದಿನ ಯಜಮಾನರು ಗೇಟಿನಲ್ಲಿ ಎದುರಾದಾಗ ಡಾಕ್ಟರಮ್ಮ “ಚೆನ್ನಾಗಿದ್ದೀರಾ ಸಾರ್?” ಎಂದಷ್ಟೇ ಕೇಳಿದರು.

“ನನ್ ಅಲ್ಲೆಲ್ಲ ಚೆನ್ನಾಗವೆ!” ಎಂದು ಗದರಿ ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಕೊನೆಗೆ ಪಿಳ್ಳಮ್ಮನವರೇ ಬಂದರು. ರಾತ್ರಿಯೆಲ್ಲ ನರಳುತ್ತಾರೆ, ಕೇಳಿದರೆ ಕನಸು ಎನ್ನುತ್ತಾರೆ ಎಂದರು. ಗುಟ್ಟಾಗಿ ಗಂಡನ ಹೆಸರನ್ನು ನಮ್ಮ ಪುಸ್ತಕದಲ್ಲಿ ಬರೆಸಿದರು, ಬುಧವಾರ ಹನ್ನೊಂದು ಗಂಟೆಗೆ. ಮನು ಎಂಬ ಪುಣ್ಯಾತ್ಮ ಮಂಗಳವಾರವೇ ಅಪ್ಪನಿಗೆ ಹೇಳಿಬಿಟ್ಟ.

ಬುಧವಾರ ಹನ್ನೊಂದಕ್ಕೆ ಸರಿಯಾಗಿ ವೆಂಕಟೇಶಪ್ಪನವರು ಬಂದರು. ರಸ್ತೆಯ ಆ ಬದಿಗೆ. ಲೋಕೇಶನ ಅಂಗಡಿಯ ಮುಂದೆ ನಿಂತು, ಬಸ್ಸು ಲಾರಿಗಳ ಮೇಲೆ ಕೂಗಿದರು.

“ಡಾಕ್ಟ್ರಮ್ಮಾ! ಈ ತಿಂಗ್ಳು ಕೊನೆಗೆ ಅಂಗ್ಡಿ ಖಾಲಿ ಮಾಡ್ಬೇಕು!”

“ಯಾಕೆ ಸಾರ್? ಅಗ್ರಿಮೆಂಟ್ ಇನ್ನೂ ಇದೆಯಲ್ಲ?”

“ನಿಮ್ ಮಿಷನ್ ಸದ್ದಿಗೆ ನನ್ ಬಿಲ್ಡಿಂಗು ಅದುರ್ತೈತೆ!”

ಹೊಸೂರು ರಸ್ತೆಯ ಲಾರಿಗಳಿಗೆ ಅದುರದ ಬಿಲ್ಡಿಂಗು ಬೆರಳುದ್ದದ ಮಿಷನ್ನಿಗೆ ಅದುರುತ್ತಿತ್ತು!

“ಒಳಗ್ ಬನ್ನಿ ಸಾರ್. ಕೂತ್ಕೊಂಡು ಮಾತಾಡೋಣ.”

“ನಾನ್ಯಾಕ್ ಬರ್ಲಿ ಒಳೀಕೆ?” ಎಂದು ಹಿಂದೆ ಸರಿದವರು ಲೋಕೇಶನ ಗ್ಲಾಸು ತೊಳೆಯುವ ಬಕೆಟ್ಟಿಗೆ ಕಾಲಿಟ್ಟರು.

ನಾನು ನಕ್ಕೆ. ಡಾಕ್ಟರಮ್ಮ ನಗಲಿಲ್ಲ. ಅವರ ಕುರ್ಚಿಯನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದೆ, ಪೈಪುಗಳೆಲ್ಲ ನೆಲದೊಳಗೆ ಹೋಗಿವೆ. ಮಾಲೂರಿನಿಂದ ದಿನವೂ ಬಸ್ಸು ಬದಲಿಸಿ ಬಂದು, ನಾಲ್ಕು ವರ್ಷ ಕೂತು, ಒಬ್ಬೊಬ್ಬರೇ ಪೇಷಂಟಿನ ನಂಬಿಕೆ ಗಳಿಸಿದ ಜಾಗ ಅದು. ಎಕ್ಸ್‌ರೇ ಮೂಲೆಗೆ ಹೋಗಿ ಕಣ್ಣೊರೆಸಿಕೊಂಡರು. ನನಗೂ ಸಂಕಟವೇ. ಮೂರು ಮಹಡಿ ಇಳಿದರೆ ಸಿಗುವ ಕೆಲಸ, ಶಾಲೆ ಮುಗಿಸಿ ಬಂದ ಮಗಳು ಕಣ್ಣೆದುರಿಗೇ ಇರುವ ಕೆಲಸ. ಇದು ಹೋದರೆ ಬೆಳಗಿನ ಏಳಕ್ಕೆ ಗಾರ್ಮೆಂಟ್ಸ್ ವ್ಯಾನು ಹತ್ತಬೇಕು, ಕತ್ತಲಾದ ಮೇಲೆ ಇಳಿಯಬೇಕು.

ಖಾಲಿ ಮಾಡುವುದು ತಡವಾಗಬಾರದೆಂದು ಯಜಮಾನರು ನೀರೂ ನಿಲ್ಲಿಸಿದರು. ತಾರಸಿಯ ಮೇಲೆ ಕ್ಲಿನಿಕ್ಕಿನ ಪೈಪಿನ ವಾಲ್ ತಿರುಗಿಸಿ ಮುಚ್ಚಿ, ಯಾರೂ ತೆರೆಯದಂತೆ ಅದರ ಹಿಡಿಯನ್ನೇ ಬಿಚ್ಚಿ ಷರಟಿನ ಜೇಬಿಗಿಟ್ಟುಕೊಂಡರು, ಲವಂಗದ ಜೊತೆಗೆ. ನಾವು ಕ್ಯಾನಿನ ನೀರು ತರಿಸಿ ದಿನ ದೂಡಿದೆವು.

ತಿಂಗಳ ಕೊನೆಗೆ ಮಹಾಲಯ ಅಮಾವಾಸ್ಯೆ ಬಂತು. ಇಲ್ಲಿಯವರಿಗೆ ಅದು ಪಕ್ಷದ ಹಬ್ಬ, ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಡಾಕ್ಟರಮ್ಮನ ಮನೆಯ ಪಕ್ಷ ಹಿಂದಿನ ವಾರವೇ ಮುಗಿದಿತ್ತು. ನಾವಿಬ್ಬರೂ ಕೆಳಗೆ ಸಾಮಾನನ್ನು ರಟ್ಟಿನ ಡಬ್ಬಿಗೆ ತುಂಬುತ್ತಿದ್ದೆವು. ಮೇಲೆ ನಡೆದದ್ದನ್ನು ಪಿಳ್ಳಮ್ಮನವರೇ ಆಮೇಲೆ ನನಗೆ ಹೇಳಿದರು.

ಯಜಮಾನರ ಅಪ್ಪನ ಫೋಟೋ ಮುಂದೆ ಬಾಳೆಲೆ. ಅದರ ಮೇಲೆ ಮುದ್ದೆ, ಮಟನ್ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್. ಆ ಅಪ್ಪನಿಗೆ ಮಜ್ಜೆ ತುಂಬಿದ ಮೂಳೆ ಎಂದರೆ ಪ್ರಾಣವಂತೆ. ಎಡೆಯ ಮೇಲಿನ ಆ ಮೂಳೆಯನ್ನು ಹಿರಿಯ ಮಗ ಮೊದಲು ಕಚ್ಚಬೇಕು, ಅದಾದ ಮೇಲೇ ಉಳಿದವರು ಎಲೆಗೆ ಕೈ ಹಾಕಬೇಕು. ಇದು ಆ ಮನೆಯ ಪದ್ಧತಿ. ಅರವತ್ತು ಜನ ಎಲೆ ಮುಂದೆ ಕೂತು ನೋಡುತ್ತಿದ್ದಾರೆ. ಹಿಂದಿನ ವರ್ಷಗಳಲ್ಲಿ ಯಜಮಾನರು ಬಾಯಲ್ಲಿ ಚೀಪಿ, ಕಣ್ಣು ಮುಚ್ಚಿ ಒರಗಿ, ಹೇಗೋ ಪಾರಾಗಿದ್ದರು. ಈ ಸಲ ತೊಂಬತ್ತರ ಸೋದರತ್ತೆ ಎದುರಿಗೇ ಕೂತಿದ್ದಳು.

“ಕಟುಮ್ ಅನ್ಸೋ ಯಂಕಟೇಸ. ನಿಮ್ಮಪ್ಪುಂಗೆ ಕೇಳುಸ್ಬೇಕು.”

ಜಾಣತನದಿಂದ ಬಲಗಡೆಗೇ ಇಟ್ಟುಕೊಂಡು ಕಚ್ಚಿದರಂತೆ. ಜಿಡ್ಡಿನ ಮೂಳೆ, ಜಾರಿ ಎಡಕ್ಕೆ ಹೋಯಿತು. ಕಟುಮ್ ಎಂದು ಸದ್ದಾಯಿತು. ಸೋದರತ್ತೆಗೆ ತೃಪ್ತಿಯಾಗಿ ಎಲ್ಲರೂ ಉಣ್ಣತೊಡಗಿದರು. ಸದ್ದು ಮಾಡಿದ್ದು ಮೂಳೆಯಲ್ಲ ಎಂದು ತಿಳಿಯುವ ಹೊತ್ತಿಗೆ ಯಜಮಾನರು ಎಲೆಯ ಮೇಲೆ ಬಗ್ಗಿ ಒರಗಿಬಿಟ್ಟಿದ್ದರು.

ದೊಡ್ಡಾಸ್ಪತ್ರೆಗೆ ಎಂದು ಸನ್ನೆ ಮಾಡಿ ಕಾರು ಹತ್ತಿದರು. ಹಬ್ಬದ ದಿನದ ಹೊಸೂರು ರಸ್ತೆ, ಅರ್ಧ ಗಂಟೆಯಲ್ಲಿ ಕಾರು ನಮ್ಮ ಬೋರ್ಡಿನ ಹಲ್ಲನ್ನೂ ದಾಟಲಿಲ್ಲ. ಪಿಳ್ಳಮ್ಮನವರಿಗೆ ರೇಗಿಹೋಯಿತು. ಬಾಗಿಲು ತೆಗೆದು ಗಂಡನ ರಟ್ಟೆ ಹಿಡಿದರು.

“ಸುಮ್ಕೆ ಇಳೀರಿ. ಮನೆ ಬಾಗ್ಲಾಗೇ ಡಾಕ್ಟ್ರು ಮಡೀಕಂಡು ಊರೆಲ್ಲ ಸುತ್ತಿಸ್ತೀರ!”

ನಾನು ಡಾಕ್ಟರಾಗಿದ್ದರೆ ಅವರನ್ನು ಆ ಡಬ್ಬಿಗಳ ಮೇಲೆ ಒಂದು ಗಂಟೆ ಕೂರಿಸುತ್ತಿದ್ದೆ. ಬಿಂದುಶ್ರೀ ಅವರು ಕಟ್ಟಿದ್ದ ಡಬ್ಬಿ ಬಿಚ್ಚಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು.

“ಸಾರ್, ಹಲ್ಲು ಎರಡು ಪೀಸ್ ಆಗಿದೆ. ಬೇರು ಕಟ್ ಮಾಡಿ ತೆಗೀಬೇಕು. ಮಿಷನ್‌ಗೆ ನೀರು ಬೇಕು. ಇವತ್ತು ಕ್ಯಾನಿನವನೂ ಬಂದಿಲ್ಲ.”

ವೆಂಕಟೇಶಪ್ಪನವರು ಮಲಗಿದ ಹಾಗೇ ಷರಟಿನ ಜೇಬಿಗೆ ಕೈ ಹಾಕಿ, ಕರ್ಚೀಫಿನಲ್ಲಿ ಸುತ್ತಿದ್ದ ವಾಲಿನ ಹಿಡಿಯನ್ನು ತೆಗೆದು ಮಗನ ಕೈಗೆ ಕೊಟ್ಟರು. ಎರಡು ಲವಂಗ ನೆಲಕ್ಕೆ ಬಿದ್ದವು. ಮನು ಐದು ಮಹಡಿ ಓಡಿದ.

ನೀರು ಬರುವವರೆಗೆ ಅವರು ನನ್ನ ಕೈ ಹಿಡಿದಿದ್ದರು. ನಾನು ಕೊಟ್ಟದ್ದಲ್ಲ, ಅವರೇ ಹುಡುಕಿ ಹಿಡಿದದ್ದು. ಮರಗಟ್ಟಿದ ತುಟಿಯಲ್ಲಿ ತೊದಲುತ್ತಾ ಹೇಳಿದರು. ಎಂಟು ವರ್ಷದ ಹುಡುಗನಾಗಿದ್ದಾಗ ಸಂತೆಯಲ್ಲಿ ಒಬ್ಬ ಇಕ್ಕಳದವನು. ಅಪ್ಪ ಕಾಲ ಸಂದಿಯಲ್ಲಿ ಅದುಮಿ ಹಿಡಿದಿದ್ದ. ಆ ಇಕ್ಕಳದವನು ನೋಯುತ್ತಿದ್ದ ಹಲ್ಲು ಬಿಟ್ಟು ಪಕ್ಕದ್ದನ್ನು ಕಿತ್ತ. ಅಯ್ಯೋ ಇದಲ್ಲ ಎಂದು ಅತ್ತರೆ, ಅಳಬಾರದೆಂದು ಅಪ್ಪ ಹೊಡೆದ.

ನನಗೆ ಪಾಪ ಎನ್ನಿಸಿತು. ಎರಡು ನಿಮಿಷ ಮಾತ್ರ, ಸುಳ್ಳೇಕೆ ಹೇಳಲಿ.

ಮಿಷನ್ ಶುರುವಾದದ್ದೇ ಅವರು ಅಳತೊಡಗಿದರು. ನೋವಿಗಲ್ಲ, ನೋವು ಎಲ್ಲಿಂದ ಬರಬೇಕು, ಅರ್ಧ ಮುಖವೇ ಅವರದಾಗಿರಲಿಲ್ಲ. ‘ಅವ್ವಾ, ಅವ್ವಾ’ ಎಂದು ಅತ್ತರು. ಕಣ್ಣೀರು ಹುರಿಮೀಸೆಯೊಳಗೆ ಇಳಿಯಿತು. ಗಾಜಿನ ಬಳೆ ಹಾಕಿಕೊಂಡು ಬರಬೇಡ ಎಂದು ಡಾಕ್ಟರಮ್ಮ ನನಗೆ ಯಾವಾಗಲೂ ಬಯ್ಯುತ್ತಾರೆ, ನಾನು ಕೇಳುವವಳಲ್ಲ. ಅವತ್ತು ಅವರ ಹಿಡಿತಕ್ಕೆ ಐದು ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು. ಹಾವಿನ ಬಾಲ ಹಿಡಿದ ಕೈ ಅದೇ.

ಹತ್ತೇ ನಿಮಿಷ. ಹುಣಸೆ ಬೀಜದಷ್ಟು ಎರಡು ಚೂರು ತಟ್ಟೆಯಲ್ಲಿ ಬಿದ್ದವು. ಇಷ್ಟಕ್ಕೆ ನಾಲ್ಕು ವರ್ಷ!

ಡಾಕ್ಟರಮ್ಮ ಕೈ ತೊಳೆಯಲು ಹೋದಾಗ ಅವರು ಹತ್ತಿ ಕಚ್ಚಿಕೊಂಡೇ ನನ್ನನ್ನು ಹತ್ತಿರ ಕರೆದರು.

“ಅತ್ತಿದ್ದು ಯಾರ್ಗೂ ಏಳ್ಬ್ಯಾಡ ಕಣವ್ವ.”

ಪೇಷಂಟಿನ ಗುಟ್ಟು ಹೇಳಬಾರದೆಂದು ನನಗೂ ಗೊತ್ತು. ಆದರೆ ಬಾಗಿಲ ಬಳಿ ಡಬ್ಬಿಗಳು ಕಾಣುತ್ತಿದ್ದವು.

“ನಾ ಯಾಕ ಹೇಳ್ಲಿ ರೀ, ಯಜಮಾನ್ರ? ಕ್ಲಿನಿಕ್ ಇರೂತನಕ ನನಗ ಪುರಸೊತ್ತರೆ ಎಲ್ಲೈತಿ? ಕ್ಲಿನಿಕ್ ಹೋತಂದ್ರ ಮಾತ್ರ ಖಾಲಿ ಕುಂದ್ರತೀನಿ. ಖಾಲಿ ಕುಂತೋರ ಬಾಯಿ ಸುಮ್ನ ಇರೂದಿಲ್ರಿ.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಬಿಜಾಪುರದವಳನ್ನಲ್ಲ, ನನ್ನನ್ನೇ.

“ಅಂಗ್ಡಿ ಇರ್ಲಿ” ಎಂದರು. ನಾನು ಮಾತು ಕೊಟ್ಟೆ.

ಒಂದು ವಾರಕ್ಕೆ ಅವರು ಲೋಕೇಶನ ಅಂಗಡಿಯಲ್ಲಿ ವೀರರಾದರು. “ಇರುವೆ ಕಚ್ಚಿದಂಗೂ ಆಗ್ಲಿಲ್ಲ ಕಣ್ಲಾ. ಈಗಿನ್ ಉಡುಗ್ರು ಸುಮ್ಕೆ ಎದ್ರುತಾವೆ!” ನಾನು ರಸ್ತೆಯ ಈ ಬದಿಯಲ್ಲಿ ಇಕ್ಕಳ ತೊಳೆಯುತ್ತಾ ಕೇಳಿಸಿಕೊಂಡೆ. ನಾಲಿಗೆ ತುರಿಸಿತು, ಕಚ್ಚಿಕೊಂಡೆ. ಪಿಳ್ಳಮ್ಮನವರು ಒಂದು ಡಜನ್ ಹಸಿರು ಬಳೆ ತಂದು ಕೊಟ್ಟರು, ಯಾಕೆಂದು ಹೇಳಲಿಲ್ಲ. ಹೀಗೆ ವರ್ಷ ಕಳೆಯಿತು.

ಮೊನ್ನೆ ಸೋಮವಾರ ಕ್ಲಿನಿಕ್ಕಿನ ನಲ್ಲಿ ಎರಡು ಸಲ ಕೆಮ್ಮಿ ನಿಂತುಹೋಯಿತು. ಮನು ತಲೆ ತಗ್ಗಿಸಿಕೊಂಡು ಬಂದ.

“ಅಕ್ಕ, ಅಪ್ಪ ಅಂಗ್ಡಿ ಖಾಲಿ ಮಾಡಿ ಅಂತವ್ರೆ. ಬಿಲ್ಡಿಂಗ್ ಅದುರ್ತಿದೆಯಂತೆ.”

ಎದುರಿಗೆ ನೋಡಿದೆ. ಟೀ ಅಂಗಡಿಯಲ್ಲಿ ವೆಂಕಟೇಶಪ್ಪನವರು ನಿಂತಿದ್ದರು, ಕೈ ಬಲಗೆನ್ನೆಯ ಮೇಲೆ. ಪಕ್ಷಕ್ಕೆ ಇನ್ನು ಹದಿನೈದು ದಿನ ಇತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಮೂವತ್ತೆರಡು ರೂಮಿನವರು ಕೊಡ ಹಿಡಿದು ಕೆಳಗೆ ಸೇರಿದ್ದರು. ನಾನು ಕೊಡ ಕೆಳಗಿಟ್ಟು ಶುರು ಮಾಡಿದೆ. ನಮ್ಮ ಕಡೆಯ ದನಿ ಮೂರು ಹೊಲ ದಾಟುತ್ತದೆ, ತಾರಸಿ ಯಾವ ಲೆಕ್ಕ! ರೊಟ್ಟಿ ತಿಂದ ಕಾಗೆಯಿಂದ ಹಿಡಿದು ಮೀಸೆಯೊಳಗಿನ ಕಣ್ಣೀರಿನವರೆಗೆ ಒಂದನ್ನೂ ಬಿಡಲಿಲ್ಲ. ಸಂತೆಯ ಇಕ್ಕಳದವನ ಕಥೆ ಮಾತ್ರ ಬಿಟ್ಟೆ. ಅದು ಎಂಟು ವರ್ಷದ ಹುಡುಗನದು, ಮಾಲೀಕರದಲ್ಲ. ನಿಮಗೆ ಹೇಳಿದ್ದು ನಿಮ್ಮಲ್ಲೇ ಇರಲಿ. ಜನ ಕೊಡ ತುಂಬಿ ಹರಿಯುತ್ತಿದ್ದರೂ ನೋಡದೆ ಬಿದ್ದು ಬಿದ್ದು ನಕ್ಕರು.

ಮೋಟರ್ ನಿಂತಿತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ನಗುತ್ತಿದ್ದವರೆಲ್ಲ ಗೋಡೆಗೆ ಒತ್ತಿ ನಿಂತರು. ಇನ್ನು ರೂಮೂ ಹೋಯಿತು ಎಂದುಕೊಂಡೆ. ವೆಂಕಟೇಶಪ್ಪನವರು ಯಾರ ಮುಖವನ್ನೂ ನೋಡದೆ ನಮ್ಮ ನಡುವೆಯೇ ನಡೆದು, ಮುಂಬಾಗಿಲಿನಿಂದ ಹೊರಬಿದ್ದು, ಮುಚ್ಚಿದ್ದ ಕ್ಲಿನಿಕ್ಕಿನ ಮುಂದೆ, ಯಾರೂ ಕೂರಬಾರದ ಆ ಮೆಟ್ಟಿಲ ಮೇಲೆ ಕೂತರು. ಡಾಕ್ಟರಮ್ಮ ಬರುವುದು ಹತ್ತಕ್ಕೆ. ಹತ್ತರವರೆಗೂ ಕೂತಿದ್ದರು.

ಡಾಕ್ಟರಮ್ಮ ಶಟರ್ ಎತ್ತಿದಾಗ ಎದ್ದು, ವಾಲಿನ ಹಿಡಿಯನ್ನು ಅವರ ಕೈಗೆ ಕೊಟ್ಟರು.

“ಇದು ನಿಮ್ತಾವೇ ಇರ್ಲಿ” ಎಂದರು. “ಎಲ್ಲಾರ್ಗೂ ಗೊತ್ತಾಯ್ತಲ್ಲ, ಇನ್ನ ಬಚ್ಚಿಡಾಕೇನೈತೆ?”

ಕುರ್ಚಿಯಲ್ಲಿ ಮಲಗಿ ಕಣ್ಣು ಮುಚ್ಚಿಕೊಂಡರು. ನಾನು ಪೈಪು ಹಿಡಿದು ದೂರವೇ ನಿಂತಿದ್ದೆ. ಅವರ ಕೈ ಗಾಳಿಯಲ್ಲಿ ತಡಕಾಡಿತು.

“ಮಹಾನಂದವ್ವ, ಬಳೆ ವಸಿ ಮ್ಯಾಕೆ ಸರ್ಸ್ಕೊ” ಎಂದರು.

ಮೊಣಕೈವರೆಗೆ ಸರಿಸಿಕೊಂಡು ಕೈ ಕೊಟ್ಟೆ.